ಭುಜದ ಮೇಲಿನ ಕೈ

ಎದುರಿಗೆ ಕೂತ ದುಂಡುಮುಖದ ಹುಡುಗಿಗೆ ತರಿತರಿಯಾದ ಉಪ್ಪುಕಾಗದದಲ್ಲಿ ಕತ್ತರಿಸಿದ 'ಣ' ಅಕ್ಷರವನ್ನು ತೀಡುವುದು ಹೇಗೆಂದು ಟೀಚರ್ ತೋರಿಸುತ್ತಿದ್ದಾಗ, ಹಿಂದಿನಿಂದ ಒಂದು ಪುಟ್ಟ ಕೈ ಬಂದು ಅವಳ ಎಡಭುಜದ ಮೇಲೆ ಕೂತಿತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಆ ಮಾಂಟೆಸ್ಸರಿ ಶಾಲೆಯ ಇಪ್ಪತ್ತೆಂಟು ಮಕ್ಕಳ ಕೈಗಳಲ್ಲಿ ಈ ಒಂದರ ಭಾರ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಅದು ಅವಳ ಸ್ವಂತ ಮಗಳದ್ದು.

ಇಲ್ಲಿ ಮಕ್ಕಳು ಟೀಚರನ್ನು ಅಕ್ಕ ಎನ್ನುತ್ತಾರೆ, ಆದರೆ ಕೂಗಿ ಕರೆಯುವುದಿಲ್ಲ. ಅಕ್ಕ ಇನ್ನೊಂದು ಮಗುವಿನ ಜೊತೆ ಕೆಲಸದಲ್ಲಿದ್ದರೆ ಮೆಲ್ಲಗೆ ಬಂದು ಭುಜದ ಮೇಲೆ ಕೈಯಿಟ್ಟು ಕಾಯಬೇಕು. ಅಕ್ಕ ಆ ಕೈಯ ಮೇಲೆ ತನ್ನ ಕೈ ಇಡುತ್ತಾಳೆ; ನೀನು ಬಂದದ್ದು ಗೊತ್ತಾಯಿತು, ಸ್ವಲ್ಪ ತಾಳು ಎಂದು ಅದರ ಅರ್ಥ. ಮಗಳಿಗೆ ಇದನ್ನು ಹೇಳಿಕೊಟ್ಟವಳು ಅವಳೇ. ಶಾಲೆ ಶುರುವಾದ ದಿನ ಇನ್ನೂ ಒಂದು ಪಾಠ ಮಾಡಿದ್ದಳು: ಗೇಟಿನೊಳಗೆ ನಾನು ಎಲ್ಲರಿಗೂ ಅಕ್ಕ, ನಿನಗೂ ಅಕ್ಕ. ನೀನು-ಗೀನು ಅನ್ನಬಾರದು, ನೀವು ಅನ್ನಬೇಕು. ನಾಲ್ಕು ವರ್ಷದ ಮಗು ಜೋರಾಗಿ ತಲೆಯಾಡಿಸಿ ಒಪ್ಪಿಕೊಂಡಿತ್ತು.

ಎಷ್ಟು ಚೆನ್ನಾಗಿ ಒಪ್ಪಿಕೊಂಡಿತ್ತೆಂದರೆ, ಎರಡು ತಿಂಗಳು ಕಳೆಯುವುದರೊಳಗೆ ಮನೆಯಲ್ಲೂ "ಅಕ್ಕ, ನೀರು ಕೊಡ್ತೀರಾ?" ಶುರುವಾಯಿತು. ಅಪ್ಪ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು, ಮೊದಮೊದಲು. ಈಗ ಅಡುಗೆಮನೆಗೆ ಬಂದರೂ ಮಗಳು ಬಟ್ಟೆ ಹಿಡಿದು ಎಳೆಯುವುದಿಲ್ಲ. ಸ್ಟೂಲ್ ಹತ್ತಿ, ಭುಜ ಮುಟ್ಟಿ, ದೊಡ್ಡವರಂತೆ ಕಾಯುತ್ತಾಳೆ. "ಅಮ್ಮಾ, ಬಾರೇ ಇಲ್ಲಿ" ಎಂಬ ಆ ಹಟದ ಮಾತು ಕೇಳಿ ಎಷ್ಟು ದಿನವಾಯಿತೋ. ಬಾಯಿತಪ್ಪಿಯಾದರೂ ಒಮ್ಮೆ ಅಂದುಬಿಡಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಹಾಗಾಗಿ ತಾನಾಗಿ ಬಂದ ಈ ಕೈಯನ್ನು ಬೇಗ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಅದರ ಮೇಲೆ ತನ್ನ ಬಲಗೈ ಇಟ್ಟು ಕೂತಳು. ಒದ್ದೆಯಾಗಿತ್ತು; ತಿಂಡಿಗೆ ಮಕ್ಕಳೇ ಸೌತೆಕಾಯಿ ಹೆಚ್ಚುವ ಮೇಜಿನಲ್ಲಿ ಅದನ್ನು ತೊಳೆದು ಬಂದಿರಬೇಕು ಅಂದುಕೊಂಡಳು. ಅಷ್ಟರಲ್ಲಿ ದುಂಡುಮುಖದವಳು ಎರಡು ಸಲ ಸರಿಯಾಗಿ ತೀಡಿ, "ಗೊತ್ತಾಯ್ತು ಅಕ್ಕ, ಇನ್ನು ನಾನೇ ಮಾಡ್ತೀನಿ" ಎಂದಳು.

ಅಲ್ಲಿಗೆ ಅಕ್ಕನ ಕೆಲಸ ಮುಗಿಯಿತು. ಎದ್ದು ದೂರ ಸರಿಯಬೇಕು. ಹೊಸದಾಗಿ ಬಂದ ಟೀಚರುಗಳಿಗೆ ಅವಳು ಮತ್ತೆ ಮತ್ತೆ ಹೇಳುವ ಮಾತೇ ಇದು. ಆದರೆ ಎದ್ದರೆ ಭುಜದ ಮೇಲಿನ ಕೈ ಇಳಿದುಹೋಗುತ್ತದೆ.

"ಇನ್ನೊಂದೇ ಸಲ ತೋರಿಸ್ತೀನಿ, ನೋಡು" ಎಂದಳು. ಹೇಳುವಾಗಲೇ ತಾನು ಕಳ್ಳತನ ಮಾಡುತ್ತಿದ್ದೇನೆ ಅನ್ನಿಸಿತು. ಆದರೂ ತಡೆದು ತಡೆದು, ಬೇಕೆಂತಲೇ ನಿಧಾನವಾಗಿ ಬಲಗೈಯನ್ನು ಭುಜದಿಂದ ತೆಗೆದು ಅಕ್ಷರದ ಮೇಲೆ ಬೆರಳಿಟ್ಟು ತೀಡಿದಳು.

"ಅಕ್ಕ, ಕೆಂಪು ಬಣ್ಣ" ಎಂದಳು ದುಂಡುಮುಖದವಳು.

'ಣ'ದ ಸುತ್ತಿನ ಉದ್ದಕ್ಕೂ ರಕ್ತದ ಗೆರೆ ಮೂಡಿತ್ತು. ಟೀಚರ್ ಸರಕ್ಕನೆ ತಿರುಗಿದಳು. ಸೌತೆಕಾಯಿ ಹೆಚ್ಚುವ ಚಾಕು ಮಗಳ ತೋರುಬೆರಳಿಗೆ ತಗುಲಿತ್ತು. ಗಾಯ ಆಳವೇನಲ್ಲ, ಆದರೆ ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು. ಮಗುವಿನ ಕಣ್ಣು ತುಂಬಿತ್ತು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಇಷ್ಟು ಹೊತ್ತೂ ಹಾಗೇ ನಿಂತಿತ್ತು. ಅವಳು ಮಗಳನ್ನು ಎತ್ತಿಕೊಂಡೇ ನಲ್ಲಿಯ ಹತ್ತಿರ ಓಡಿದಳು.

"ಯಾಕೆ ಪುಟ್ಟಿ ಕೂಗಲಿಲ್ಲ?"

"ನೀವು ಕೆಲಸದಲ್ಲಿದ್ರಿ ಅಕ್ಕ."

"ರಕ್ತ ಬಂದ್ರೆ ಕೂಗ್ಬೇಕು ಕಣೇ. ಅಮ್ಮಾ ಅಂತ ಜೋರಾಗಿ ಕೂಗ್ಬೇಕು."

ಮಗಳು ಬೆರಳನ್ನು ನೀರಿನ ಕೆಳಗೆ ಹಿಡಿದು ಸ್ವಲ್ಪ ಯೋಚಿಸಿದಳು. "ಕೂಗಿದ್ರೆ ಬೇರೆಯವರ ಕೆಲಸ ಕೆಡುತ್ತೆ" ಎಂದಳು.

ಶಾಲೆ ನಡೆಸುವ ದೊಡ್ಡಕ್ಕ ಔಷಧಿಯ ಡಬ್ಬಿ ಹಿಡಿದು ಬಂದರು. ಅಕ್ಕ ಪಟ್ಟಿ ಸುತ್ತಲು ಹೋದರೆ ಮಗಳು ಕೈ ಹಿಂದಕ್ಕೆಳೆದುಕೊಂಡಳು. "ನಾನೇ ಸುತ್ಕೋತೀನಿ, ನೀವು ಈ ತುದಿ ಹಿಡ್ಕೊಳ್ಳಿ ಸಾಕು." ಮೂರು ಸುತ್ತು ಸೊಟ್ಟಪಟ್ಟ ಸುತ್ತಿ, ತಾನೇ ಅಂಟಿಸಿಕೊಂಡಳು.

ದೊಡ್ಡಕ್ಕನ ಮುಖ ಅರಳಿತು. "ನೋಡಿದ್ಯಾ? ಒಂಚೂರು ಸದ್ದಿಲ್ಲ, ಗಾಬರಿಯಿಲ್ಲ. ಮಕ್ಕಳಿಗೆ ನಾವು ಬೇಡ ಅನ್ನಿಸಿದ ದಿನವೇ ಅಲ್ವಾ ನಾವು ಗೆದ್ದ ಹಾಗೆ. ನೀನು ಗೆದ್ದೆ ಬಿಡು" ಎಂದು ಅವಳ ಬೆನ್ನು ತಟ್ಟಿ ಡಬ್ಬಿಯನ್ನು ಕಪಾಟಿನಲ್ಲಿಡಲು ಹೋದರು.

ಇಂಥ ಗೆಲುವು ಯಾರಿಗೆ ಬೇಕಿತ್ತು ಎಂದು ಕೇಳಿಬಿಡಬೇಕೆನಿಸಿತು ಅವಳಿಗೆ. ಅದರ ಬದಲು ಮಗಳ ಎದುರು ಮೊಣಕಾಲೂರಿ ಕೂತು, ದೊಡ್ಡಕ್ಕನ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದಳು.

"ಪುಟ್ಟಿ, ಒಂದೇ ಒಂದು ಸಲ ಅಮ್ಮಾ ಅನ್ನು. ಯಾರಿಗೂ ಕೇಳಿಸಲ್ಲ."

ಮಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಇದು ಪರೀಕ್ಷೆ ಇದ್ದೀತೇ ಎಂಬಂತೆ ಅನುಮಾನದಿಂದ ನೋಡಿದಳು. ಆಗ ಎದುರಿನ ಕೆನ್ನೆಗಳ ಮೇಲೆ ನೀರಿಳಿಯುತ್ತಿರುವುದು ಕಂಡಿತು. ಪಟ್ಟಿಯಿಲ್ಲದ ಕೈಯಿಂದ ಅದನ್ನು ಒರೆಸಿ, ತರಗತಿಗೆ ಹೊಸದಾಗಿ ಸೇರಿದ ಮಕ್ಕಳನ್ನು ಸಮಾಧಾನ ಮಾಡುವ ಅದೇ ಮೆಲುದನಿಯಲ್ಲಿ ಕೇಳಿದಳು:

"ಅಳಬೇಡಿ ಅಕ್ಕ. ನಿಮ್ಮ ಅಮ್ಮನ್ನ ಕರೀಲಾ?"