ಅಧ್ಯಕ್ಷೆಯ ಕೊರಳಪಟ್ಟಿ

ಪಂಚಾಯಿತಿ ಸಭೆಯ ದಿನ ಬೆಳಿಗ್ಗೆ ಪುಟ್ಟಲಿಂಗಮ್ಮ ತನ್ನ ದನಿಯನ್ನು ಕೊರಳಪಟ್ಟಿಗೆ ತುಂಬಿ ಗಂಡನಿಗೆ ಕೊಡುವುದು ಅವಳು ಅಧ್ಯಕ್ಷೆಯಾದಂದಿನಿಂದ ನಡೆದುಬಂದ ಪದ್ಧತಿ. ಪಟ್ಟಿ ಕಟ್ಟಿಕೊಂಡವರಿಗೆ ದನಿ. ಅದು ವಾಪಸು ಬರುವತನಕ ಇವಳಿಗೆ ಬರೀ ಉಸಿರು. ಕೋಳಿಗಳನ್ನೂ ಚಪ್ಪಾಳೆ ತಟ್ಟಿಯೇ ಕರೆಯಬೇಕು. ತಾಲ್ಲೂಕಿನ ಅಧ್ಯಕ್ಷೆಯರ ಮನೆಗಳೆಲ್ಲ ಸಭೆಯ ದಿನ ಹೀಗೇ ತಣ್ಣಗಿರುತ್ತವೆ.

ಇವತ್ತು ಅವಳೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಅಂಗನವಾಡಿಗೆಂದು ಮೂರು ವರ್ಷ ಓಡಾಡಿ ಬಿಡಿಸಿಕೊಂಡಿದ್ದ ಜಾಗದ ವಿಷಯ ಬರುವುದಿತ್ತು.

ಅವಳ ಗಂಡ ಬೋರೇಗೌಡ ಮೀಸೆ ಒರೆಸಿಕೊಂಡು ಎದ್ದ. ಕೆಮ್ಮಿದ್ದೂ ಥೇಟ್ ಅವಳ ಹಾಗೇ. "ನೋಡ್ರಪ್ಪಾ, ನಾನೂ ಮಕ್ಳು ಹೆತ್ತೋಳು. ಅಂಗನವಾಡಿ ಮುಂದ್ಲೊರ್ಸ ಕಟ್ಟಾನ. ಸದ್ಯಕ್ಕೆ ಆ ಜಾಗ ನಮ್ಮ ಮೈದ್ನನ ಇಟ್ಟಿಗೆ ಗೂಡಿಗಿರ್ಲಿ."

"ಅಧ್ಯಕ್ಷರ ಗಂಟ್ಲು ಇವತ್ತು ಜೇನಾಗೈತೆ!" ಎಂದ ಸದಸ್ಯ ಕೆಂಪರಾಜು.

"ಒಪ್ಪೋರು ಕೈ ಎತ್ರಪ್ಪಾ," ಎಂದರು ಕಾರ್ಯದರ್ಶಿ.

ಹನ್ನೊಂದು ಮಂದಿ ಸದಸ್ಯರಲ್ಲಿ ಐದು ಕೈ ಎದ್ದವು. ಪುಟ್ಟಲಿಂಗಮ್ಮ ಥಟ್ಟನೆ ನಿಂತು "ಬೇಡ" ಎಂದು ಬಾಯಿ ತೆರೆದಳು; ಗಾಳಿ ಬಂತು. ಬೆಂಚು ಬಡಿದಳು. ಯಾರೂ ತಿರುಗಲಿಲ್ಲ. ತಡೆಯಿರಿ, ತಡೆಯಿರಿ ಎಂದು ಕೈಯೆತ್ತಿಕೊಂಡೇ ಮೇಜಿನವರೆಗೆ ಓಡಿದಳು.

ಕಾರ್ಯದರ್ಶಿ ಕನ್ನಡಕದ ಮೇಲಿಂದ ನೋಡಿದರು. "ಅಧ್ಯಕ್ಷರದೂ ಸೇರಿ ಆರು. ಪಾಸಾಯ್ತು."

ಅವಳು ಕೈ ಬೀಸಿದಳು, ತಲೆಯಾಡಿಸಿದಳು. ಅವರು ಆಗಲೇ ಬರೆಯುತ್ತಿದ್ದರು.

ಬೋರೇಗೌಡ ಅವಳತ್ತ ಬಗ್ಗಿ, ಅವಳದೇ ದನಿಯಲ್ಲಿ ಮೆತ್ತಗೆ ಹೇಳಿದ: "ಕೈ ಇಳ್ಸೇ, ಎಣ್ಸಾಯ್ತು."