ಇಳಿಜಾರಿನಲ್ಲಿ ನಿಲ್ಲುತ್ತಿದ್ದ ಜೀಪು

ಗ್ಯಾರೇಜಿನ ಮುಂದೆ ಹಾದುಹೋಗುವಾಗ ಗ್ರೀಸಿನ ವಾಸನೆ ಬಂದರೆ ಈಗಲೂ ನನಗೆ ವನಗೂರಿನ ನಮ್ಮ ಅಂಗಳದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಜೀಪನ್ನು ಯಾವಾಗಲೂ ಮನೆ ಪಕ್ಕದ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಬ್ರೇಕ್ ಬಿಟ್ಟು ಉರುಳಿಸಿ ಗೇರಿಗೆ ಹಾಕಿದರೆ ಇಂಜಿನ್ ಹತ್ತುತ್ತಿತ್ತು. ಇಂಜಿನ್ ಹತ್ತಿಸುವ ಸೆಲ್ಫ್ ಮೋಟಾರು ಸವೆಯಬಾರದೆಂದು ಅವರು ಕೀ ತಿರುಗಿಸಿ ಸ್ಟಾರ್ಟ್ ಮಾಡುತ್ತಲೇ ಇರಲಿಲ್ಲ. ಒಂದು ದಿನ ಮಾರನಹಳ್ಳಿಯಲ್ಲಿ ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕಾಯಿತು. ಹೊರಡುವಾಗ ಕೀ ತಿರುಗಿಸಿದರೆ ಕಬ್ಬಿಣ ಅರೆದಂತೆ ಕರಕರ ಸದ್ದು. ಕೊನೆಗೆ ನಾಲ್ಕು ಜನ ತಳ್ಳಿ ಕಳಿಸಿದರು.

ಮರುದಿನ ಮೆಕ್ಯಾನಿಕ್ ಮನೆಗೆ ಬಂದು ಸೆಲ್ಫ್ ಬಿಚ್ಚಿ ಗೋಣಿಚೀಲದ ಮೇಲಿಟ್ಟ. ಅದರ ಹಲ್ಲುಗಳ ಮೇಲೆ ಬೆರಳಾಡಿಸಿದ.

“ಹಲ್ಲೆಲ್ಲ ಸವೆದೋಗ್ಬುಟ್ಟೈತೆ ಕಣಣ್ಣ. ಇಂಜಿನ್ ಹತ್ತಿದ್ಮೇಲೂ ಯಾರೋ ಕೀ ಬುಡದೆ ಹಿಡ್ಕಂಡವ್ರೆ.”

“ನಿನ್ನೆ ಬಿಟ್ರೆ ನಾನು ಸೆಲ್ಫ್ ಮುಟ್ಟೇ ಇಲ್ವಲ್ಲ ಮಾರಾಯ,” ಅಂದರು ಅಪ್ಪ.

ಅಪ್ಪ ತೋಟಕ್ಕೆ ನಡೆದು ಹೋದ ಮೇಲೆ ಅವ್ವ ಗೋಡೆಯ ಮೊಳೆಯಿಂದ ಕೀ ತೆಗೆದುಕೊಂಡು ಜೀಪು ಹತ್ತುವುದು ನನಗೆ ಗೊತ್ತಿತ್ತು. ಉರುಳಿಸಿದರೆ ವಾಪಸ್ ಮೇಲಕ್ಕೆ ತರಲು ಅವಳಿಗೆ ಬರುತ್ತಿರಲಿಲ್ಲ. ಅದಕ್ಕೇ ನಿಂತಲ್ಲೇ ಕೀ ತಿರುಗಿಸಿ, ಸ್ವಲ್ಪ ಹೊತ್ತು ಇಂಜಿನ್ ಸದ್ದು ಕೇಳಿ, ಆರಿಸಿ ಇಳಿಯುತ್ತಿದ್ದಳು. ನಾನು ನೆಲ ನೋಡುತ್ತ ಕೂತೆ.

ಅವ್ವ ಕಾಫಿ ಲೋಟಗಳನ್ನು ಬಾನೆಟ್ ಮೇಲಿಟ್ಟು ಮೆಕ್ಯಾನಿಕ್‌ನನ್ನು ಕೇಳಿದಳು: “ಹಂಗಾದ್ರೆ ಕೀ ಯಾವಾಗ ಬುಡ್ಬೇಕು?”

“ಇಂಜಿನ್ ಹತ್ತಿದ ತಕ್ಷಣ, ಅಕ್ಕ.”

ಅಪ್ಪ ಅವ್ವನ ಮುಖ ನೋಡಿ ಕಾಫಿ ಲೋಟ ಎತ್ತಿಕೊಂಡರು. ಹೊಸ ಹಲ್ಲು ಹಾಕಿಸಿದ ದಿನ ಜೀಪನ್ನು ಕಾಫಿ ಒಣಗಿಸುವ ಕಣದ ನಡುವೆ, ಸಮತಟ್ಟು ನೆಲದಲ್ಲಿ ತಂದು ನಿಲ್ಲಿಸಿದರು. ಕೀಯನ್ನು ಅದರಲ್ಲೇ ಬಿಟ್ಟು ತೋಟಕ್ಕೆ ನಡೆದು ಹೋದರು.