ಎರಡನೇ ಚರಣ

ಹಾಡಿನ ಎರಡು ಸಾಲು ಮುಗಿಯುತ್ತಿದ್ದಂತೆ ಮೈದಾನದಲ್ಲಿ ಎತ್ತಿ ಹಿಡಿದಿದ್ದ ಸಾವಿರ ಮೊಬೈಲುಗಳು ಒಟ್ಟಿಗೇ ಕೆಳಗಿಳಿದವು. ವೇದಿಕೆಯ ಮೇಲಿದ್ದ ಗಗನ ಅದನ್ನು ನೋಡಿದಳು. ಬೋಗಾದಿಯ ಈ ಕಾಲೇಜು ಹುಡುಗರು ರೀಲ್ಸ್‌ನಲ್ಲಿ ಕೇಳಿದ್ದು ಅವಳ ಹಾಡಿನ ಆ ಹದಿನೈದು ಸೆಕೆಂಡು ಮಾತ್ರ. ಅದರಾಚೆಗೂ ಹಾಡು ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಅಕ್ಕಾ, ಅದನ್ನೇ ಇನ್ನೊಂದ್ಸಲ ಹಾಡ್ಬುಡಿ, ಜನ ಎದ್ದೋಗ್ತಾವ್ರೆ," ಎಂದು ಕೀಬೋರ್ಡಿನ ಸಿದ್ದು ಪಿಸುಗುಟ್ಟಿದ.

"ಇಲ್ಲ ಕಣೋ, ಇವತ್ತು ಪೂರ್ತಿ ಹಾಡ್ತೀನಿ. ಎರಡನೇ ಚರಣ ನುಡಿಸು," ಎಂದಳು. ಅವ್ವ ತೀರಿಕೊಂಡ ವಾರ ಬರೆದ ಚರಣ ಅದು. ಹಾಡು ಹೆಸರು ತಂದುಕೊಟ್ಟ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಎಂಟು ತಿಂಗಳಿಂದ ಅವಳೂ ಹಾಡಿರಲಿಲ್ಲ.

ಸಿದ್ದು ನುಡಿಸಿದ. ಗಗನ ಉಸಿರೆಳೆದುಕೊಂಡು ಬಾಯಿ ತೆರೆದಳು. ಪದ ಬರಲಿಲ್ಲ. ಅವನು ಮತ್ತೆ ಮೊದಲಿಂದ ನುಡಿಸಿದ. ಅವ್ವನ ಮುಖ ಕಣ್ಮುಂದೆ ಬಂತು, ಅವ್ವನಿಗಾಗಿ ಬರೆದ ಒಂದು ಪದವೂ ಬರಲಿಲ್ಲ. ತಲೆಯೊಳಗೆ ಸುತ್ತುತ್ತಿದ್ದದ್ದು ಆ ಎರಡೇ ಸಾಲು. ಬೇರೆ ದಾರಿ ಕಾಣದೆ ಅವನ್ನೇ ಹಾಡಿದಳು. ಮೈದಾನ ಹುಚ್ಚೆದ್ದು ಕುಣಿಯಿತು. ನಿಲ್ಲಿಸಲು ಹೆದರಿ ಗಗನ ಮತ್ತೆ ಅವನ್ನೇ ಹಾಡಿದಳು, ಮತ್ತೆ ಹಾಡಿದಳು.